ಧಾರವಾಡ ಹಚ್ಚೋ ತಮ್ಮಾ!

ಇವತ್ತು ಬ್ರೇಕಿಂಗ್ ನ್ಯೂಸ್ ಏನೂ ಇಲ್ಲ. ಯಾರೂ ರಾಜೀನಾಮೆ ಕೊಟ್ಟಿಲ್ಲ, ಯಾರ ಆಡಿಯೋನೂ ಲೀಕ್ ಆಗಿಲ್ಲ. ಹಾಗಾಗಿ ಇವತ್ತೊಂದು ದಿನ ಸಮಾಧಾನವಾಗಿ ಒಂದು ಹಳೇ ಆಡಿಯೋದ ಕಥೆ ಹೇಳ್ತೀನಿ, ಕೇಳಿ.

ನನ್ನೂರು ಇಳಕಲ್. ಬೆಂಗಳೂರಿನಲ್ಲಿ ಊರ ಹೆಸರು ಹೇಳಿದ ತಕ್ಷಣ 'ಓ, ಸೀರೆ!' ಅಂತಾರೆ. ಸ್ವಲ್ಪ ತಿಳಿದವರು ಕೆಂಪು ಗ್ರಾನೈಟ್ ಅಂತಾರೆ, ಇನ್ನೂ ತಿಳಿದವರು ಮಹಾಂತ ಜೋಳಿಗೆ ಅಂತಾರೆ. ಯಾರೂ 'ಓ, ರೇಡಿಯೋ!' ಅನ್ನಲ್ಲ. ಅನ್ನೋದಕ್ಕೆ ಕಾರಣವೂ ಇಲ್ಲ ಬಿಡಿ. ನಾನು ಬೆಳೆಯುವಾಗ ನಮ್ಮೂರಲ್ಲಿ ರೇಡಿಯೋ ಕೇಂದ್ರವೇ ಇರಲಿಲ್ಲ. ಆದರೆ ನಮ್ಮ ಮಗ್ಗದ ಮನೆಯಲ್ಲಿ ಗೋಡೆಯ ಮಾಡದಲ್ಲಿ ಒಂದು ರೇಡಿಯೋ ಇತ್ತು. ಅಜ್ಜ ಕುಣಿಮಗ್ಗದಲ್ಲಿ ಇಳಿದು ಕೂತರೆ ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ಎದ್ದು ಬಂದು ರೇಡಿಯೋ ತಿರುವೋ ಹಾಗಿಲ್ಲ. ಅದಕ್ಕೆ ನಾನಿದ್ದೆ. 'ಧಾರವಾಡ ಹಚ್ಚೋ ತಮ್ಮಾ!' ಅನ್ನೋರು. ಎಲ್ಲಿಗೆ ತಿರುಗಿಸಬೇಕು ಅಂತ ನನಗೆ ಗೊತ್ತಾಗಲಿ ಅಂತ ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದರು. ಎಷ್ಟೋ ವರ್ಷ ನಾನು ಧಾರವಾಡ ಅಂದರೆ ಒಂದು ಊರು ಅಂತ ಅಂದುಕೊಂಡಿರಲೇ ಇಲ್ಲ. ಆ ಕುಂಕುಮದ ಬೊಟ್ಟೇ ಧಾರವಾಡ.

ಆ ಬೊಟ್ಟಿನ ಹೆಸರು 765 ಕಿಲೋಹರ್ಟ್ಸ್ ಅಂತ ಗೊತ್ತಾಗಿದ್ದು ಮುಂದೆ ಇಂಜಿನಿಯರಿಂಗ್ ಓದುವಾಗ. ಇಳಕಲ್‌ನಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೆ ಸುಮಾರು 130 ಕಿಲೋಮೀಟರ್. ಇವತ್ತಿನ ಎಫ್‌ಎಂ ಅಲೆ ಅಷ್ಟು ದೂರ ಬರೋದಿಲ್ಲ, ಕಣ್ಣಿಗೆ ಕಾಣುವ ದೂರ ದಾಟಿದರೆ ಅದರ ಕೈ ಸೋಲುತ್ತೆ. ಮೀಡಿಯಂ ವೇವ್ ಹಾಗಲ್ಲ. ಅದು ನೆಲ ಹಿಡಿದು ಹರಿಯುತ್ತೆ. ನೆಲದಲ್ಲಿ ತೇವ ಇದ್ದಷ್ಟೂ ಅದಕ್ಕೆ ಹಾದಿ ಸಲೀಸು. ಧಾರವಾಡ ಬಿಟ್ಟು ನವಲಗುಂದ, ರೋಣ ದಾಟಿ ನಮ್ಮ ಹುನಗುಂದದ ಕಡೆ ಬರೋವರೆಗೂ ಬಹುಪಾಲು ಎರೆ ಭೂಮಿ. ನೀರು ಹಿಡಿದಿಟ್ಟುಕೊಳ್ಳೋ ಕರಿಮಣ್ಣು. ಬಿಳಿಜೋಳ ಬೆಳೆಯೋ ಅದೇ ಮಣ್ಣು ಧಾರವಾಡದ ಹಾಡನ್ನೂ ಇಳಕಲ್‌ಗೆ ಹೊತ್ತು ತರ್ತಿತ್ತು! ಆಂಟೆನಾ ಪಾಠ ಕೇಳುವಾಗ ಇದು ಹೊಳೆದು ನನಗಾದ ಖುಷಿ, ಪರೀಕ್ಷೆಯಲ್ಲಿ ಬಂದ ಅಂಕಗಳಿಂದ ಆಗಲಿಲ್ಲ. ಅಂಕ ಅಷ್ಟಕ್ಕಷ್ಟೇ ಇತ್ತು, ಅದು ಬೇರೆ ಮಾತು.

ಸರಿ, ಈ ಧಾರವಾಡ ರೇಡಿಯೋ ಬಂದಿದ್ದು ಯಾವಾಗ?

ಕನ್ನಡದ ರೇಡಿಯೋ ಅಂದ ತಕ್ಷಣ ಎಲ್ಲರೂ ಮೈಸೂರಿಗೆ ಹೋಗ್ತಾರೆ. ಹೋಗಲೇಬೇಕು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮೀಟರ್ ಇಟ್ಟು ಪ್ರಸಾರ ಶುರು ಮಾಡಿದರು. 30 ವ್ಯಾಟ್ ಅಂದರೆ ಹಳೇ ಕಾಲದ ಒಂದು ಸಣ್ಣ ಬಲ್ಬು. ಆ ಬಲ್ಬಿನಿಂದಲೇ 'ಆಕಾಶವಾಣಿ' ಅನ್ನೋ ಹೆಸರು ಮುಂದೆ ಇಡೀ ದೇಶಕ್ಕೆ ಹೋಯಿತು. ಆದರೆ ಅದು ಮೈಸೂರು ಅರಸರ ಸೀಮೆ. ನಮ್ಮ ಹುನಗುಂದ, ಬದಾಮಿ, ಬಾಗಲಕೋಟೆ ಎಲ್ಲ ಆಗ ಮುಂಬೈ ಆಡಳಿತದ ವಿಜಾಪುರ ಜಿಲ್ಲೆ. ನಮ್ಮ ಸರ್ಕಾರಿ ಕಾಗದ ಮುಂಬೈಗೆ ಹೋಗಬೇಕು, ನಮ್ಮ ಸೀರೆ ಸೊಲ್ಲಾಪುರ, ಪುಣೆಗೆ ಹೋಗಬೇಕು. ಕಿವಿಗೆ ಬೀಳೋ ರೇಡಿಯೋ ಕೂಡ ಪರಭಾಷೆಯದ್ದೇ.

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದಿದ್ದು ಬರೀ ಆರು ರೇಡಿಯೋ ಕೇಂದ್ರಗಳು: ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸ್, ಲಖನೌ, ತಿರುಚಿರಾಪಳ್ಳಿ. ಆಮೇಲೆ ಒಂದೊಂದಾಗಿ ಹೊಸವು ಬಂದವು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಮಾತಾಡಿತು. ದೇಶ ಗಣರಾಜ್ಯ ಆಗೋದಕ್ಕೆ ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ಕರ್ನಾಟಕ ಒಂದಾಗೋದಕ್ಕೆ ಆರು ವರ್ಷದ ಮೇಲೆ ಬಾಕಿ ಇತ್ತು. ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದವರು ಧಾರವಾಡದವರೇ ಆದ ಆರ್.ಆರ್. ದಿವಾಕರ. ಇದು ಕಾಕತಾಳೀಯ ಅಂತ ನೀವು ನಂಬೋದಾದರೆ ನಂಬಿ. ರಾಜಕೀಯ ವರದಿ ಮಾಡಿ ಮಾಡಿ ನನಗೆ ಆ ಅಭ್ಯಾಸ ಹೋಗಿಬಿಟ್ಟಿದೆ. ಒಂದು ಮಾತು ಮಾತ್ರ ಖರೆ. ಮುಂಬೈ ಕರ್ನಾಟಕದ ಜನ ಒಂದೇ ರಾಜ್ಯದ ಕೆಳಗೆ ಬರೋ ಮೊದಲೇ ಒಂದೇ ರೇಡಿಯೋದ ಕೆಳಗೆ ಬಂದರು. ಏಕೀಕರಣದ ಇತಿಹಾಸ ಬರೆಯೋರು ಸಭೆ, ಠರಾವು, ಉಪವಾಸ ಎಲ್ಲ ಬರೀತಾರೆ. ಈ ಕಿವಿಯ ಏಕೀಕರಣದ ಬಗ್ಗೆ ಬರೆದದ್ದು ಕಮ್ಮಿ.

ಆ ಕೇಂದ್ರದ ಸುತ್ತ ಇದ್ದ ಜನರನ್ನು ನೋಡಿ. 1956ರಿಂದ ಸಾಹಿತ್ಯ ಸಲಹೆಗಾರರಾಗಿ ದ.ರಾ. ಬೇಂದ್ರೆ. ಸಂಗೀತ ಸಲಹೆಗಾರರಾಗಿ ಮಲ್ಲಿಕಾರ್ಜುನ ಮನ್ಸೂರ. ನಗೆಬರಹಕ್ಕೆ ಹೆಸರಾದ ಎನ್ಕೆ ಕುಲಕರ್ಣಿ ಅಲ್ಲಿ ಕೆಲಸ ಮಾಡಿದವರು. ಬಸವರಾಜ ರಾಜಗುರು ಹಾಡ್ತಿದ್ದರು. ಮತ್ತೆ, ನಮ್ಮ ಅಜ್ಜನಿಗೆ ಇವರೆಲ್ಲರಿಗಿಂತ ಬೇಕಾದವರು ಮುರಗೋಡದ ಹುಕ್ಕೇರಿ ಬಾಳಪ್ಪ. ಸಾವಿರ ಹಾಡುಗಳ ಸರದಾರ ಅಂತ ಬಿರುದು. ಸ್ವಾತಂತ್ರ್ಯ ಚಳವಳಿಯಲ್ಲಿ ಊರೂರು ಹಾಡಿಕೊಂಡು ತಿರುಗಿದ ಮನುಷ್ಯ. ಆ ಕಂಠಕ್ಕೆ ಮೈಕು ಬೇಕಾಗಿಯೇ ಇರಲಿಲ್ಲ. ಬೇಂದ್ರೆಯವರ ಕವಿತೆಯನ್ನು ಕಾಲೇಜು ಮೆಟ್ಟಿಲು ಹತ್ತದವರ ಬಾಯಿಗೆ ಹಾಕಿದವರಲ್ಲಿ ಅವರೂ ಒಬ್ಬರು. ಅಜ್ಜನಿಗೆ ಬೇಂದ್ರೆ ಅಂದರೆ ಬಾಳಪ್ಪ ಹಾಡೋ ಪದ ಬರೆದವರು, ಅಷ್ಟೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಹಳ್ಳಿಯ ಹಾಡು ರೇಡಿಯೋಕ್ಕೆ ಹೋದಾಗ ಏನಾಯಿತು?

ನಮ್ಮ ಕಡೆ ಹಾಡು ಅನ್ನೋದು ಕೂತು ಕೇಳೋ ವಸ್ತು ಆಗಿರಲಿಲ್ಲ. ಹಾಡು ಕೆಲಸದ ಜೊತೆ ಹುಟ್ಟಿದ್ದು. ಕಣದಲ್ಲಿ ಎತ್ತು ಕಟ್ಟಿ ತೆನೆ ತುಳಿಸುವಾಗ ಹಂತಿ ಪದ, ನಸುಕಿನಲ್ಲಿ ಬೀಸುಕಲ್ಲಿನ ಪದ, ಮದುವೆಯಲ್ಲಿ ಸೋಬಾನ, ಮೊಹರಂ ಬಂದರೆ ರಿವಾಯತ್ ಪದ. ಅದನ್ನು ಹಿಂದೂ ಮುಸ್ಲಿಂ ಇಬ್ಬರೂ ಕೂಡಿ ಹಾಡೋರು, ಈಗಲೂ ಹಾಡ್ತಾರೆ. ಗೀಗೀ ಪದ ಇದೆಯಲ್ಲ, ಅದಂತೂ ರಾತ್ರಿಯಿಡೀ ನಡೆಯೋ ಜಗಳ. ಹರದೇಶಿ ಮೇಳ ಗಂಡು ದೊಡ್ಡದು ಅನ್ನಬೇಕು, ನಾಗೇಶಿ ಮೇಳ ಹೆಣ್ಣು ದೊಡ್ಡದು ಅನ್ನಬೇಕು. ಸವಾಲ್, ಜವಾಬ್. ಒಬ್ಬರು ಪುರಾಣ ಎಳೆದರೆ ಇನ್ನೊಬ್ಬರು ವೇದಾಂತ ಎಳೀತಾರೆ. ಬೆಳಗಾಗೋವರೆಗೆ ತೀರ್ಮಾನ ಆಗಲ್ಲ, ಜನ ಎದ್ದು ಹೋಗಲ್ಲ. ನಾವು ರಾತ್ರಿ ಒಂಬತ್ತಕ್ಕೆ ನಡೆಸೋ ಪ್ಯಾನೆಲ್ ಡಿಸ್ಕಷನ್ನಿಗೆ ಅದೇ ಮೂಲ. ವ್ಯತ್ಯಾಸ ಏನಂದ್ರೆ, ಅವರು ಎದುರಿನವರ ಮಾತು ಮುಗಿಯೋವರೆಗೆ ಕಾಯೋರು.

ಇಂಥ ರಾತ್ರಿಯಿಡೀ ಆಟಕ್ಕೆ ರೇಡಿಯೋ ಕೊಡೋಕೆ ಆಗಿದ್ದು ಹದಿನೈದು ನಿಮಿಷ. ಕೆಲವೊಮ್ಮೆ ಅರ್ಧ ಗಂಟೆ.

ಇನ್ನೊಂದು ಕಟ್ಟುಪಾಡು ಇತ್ತು. ಇದನ್ನು ಹೇಳಿದರೆ ಇವತ್ತಿನ ಹುಡುಗರು ನಂಬಲ್ಲ. 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧ! ಹೌದು, ಪೇಟಿ ಬಾರಿಸೋ ಹಾಗಿಲ್ಲ. ಅದು ಪರದೇಶಿ ವಾದ್ಯ, ಅದರಲ್ಲಿ ಮೀಂಡ್ ಬರಲ್ಲ, ಎರಡು ಸ್ವರಗಳ ನಡುವಿನ ಜಾಗಕ್ಕೆ ಅದು ಹೋಗಲಾರದು ಅನ್ನೋದು ವಾದ. ಟ್ಯಾಗೋರ್ ಅಂಥವರೂ ಪೇಟಿಯ ವಿರುದ್ಧವೇ ಇದ್ದರು. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಮನೆ ಒತ್ತಿದರೆ ಒಂದು ಸ್ವರ, ಪಕ್ಕದ ಮನೆ ಒತ್ತಿದರೆ ಇನ್ನೊಂದು. ನಡುವೆ ಜಾರೋದಕ್ಕೆ ದಾರಿ ಇಲ್ಲ, ನಿಜ. ಆದರೆ ನಮ್ಮ ಸೀಮೆಯ ಕಂಪನಿ ನಾಟಕದಿಂದ ಪೇಟಿ ತೆಗೆದರೆ ಉಳಿಯೋದೇನು?

ಇದು ನಮ್ಮೂರಿಗೆ ಸಣ್ಣ ವಿಷಯ ಆಗಿರಲಿಲ್ಲ. 'ರಕ್ತರಾತ್ರಿ' ಬರೆದ ಕಂದಗಲ್ ಹನುಮಂತರಾಯರ ಕಂದಗಲ್ ನಮ್ಮ ಮಗ್ಗುಲ ಊರು. ಪಿ.ಬಿ. ಧುತ್ತರಗಿಯವರ ಸೂಳೇಭಾವಿಯೂ ನಮ್ಮ ಕಡೆಯದೇ, ಅಲ್ಲಿಯೂ ಮನೆಮನೆಯಲ್ಲಿ ಮಗ್ಗ. ಆ ಸಣ್ಣ ಊರಿನ ಧುತ್ತರಗಿ ಬರೆದ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಹಳ್ಳಿಯ ನಾಟಕ ಬೆಂಗಳೂರು, ಮದ್ರಾಸಿಗೆ ಹೋಗಿ, ಸಿನಿಮಾ ಹಾಡಾಗಿ, ವಾಪಸ್ ರೇಡಿಯೋದಿಂದ ನಮ್ಮ ಮಗ್ಗದ ಮನೆಗೆ ಬಂತು. ಅದೇ ನಾಟಕದ ಹಾಡನ್ನು ಅದೇ ಊರಿನ ಪೇಟಿ ಮಾಸ್ತರ ಬಾರಿಸಿದ್ದರೆ 1971ಕ್ಕೆ ಮೊದಲು ರೇಡಿಯೋದ ಬಾಗಿಲು ತೆರೀತಿರಲಿಲ್ಲ. ಇನ್ನೂ ತಮಾಷೆ ಅಂದರೆ, ಮನ್ಸೂರರಂಥ ದಿಗ್ಗಜರೇ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಗೀಗೀ ಮೇಳದವರು ಮಾತ್ರ ಈ ಗಂಡಾಂತರದಿಂದ ಪಾರಾದರು. ಅವರ ಕೈಲಿದ್ದದ್ದು ದಪ್ಪು, ತುಂತುಣಿ, ತಾಳ. ಯಾವ ಕಾನೂನಿಗೂ ತುಂತುಣಿಯ ನೆನಪು ಬರಲಿಲ್ಲ.

ಇದೇ ಹೊತ್ತಿಗೆ, 1952ರಲ್ಲಿ, ಪ್ರಸಾರ ಖಾತೆಗೆ ಬಿ.ವಿ. ಕೇಸ್ಕರ್ ಬಂದರು. ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತೆ ಅಂತ ಅದನ್ನು ಹಿಂಡಿ ಹಿಂಡಿ ಇಳಿಸಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಚ್ಚಿದರು. ಕಡೆಗೆ 1957ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಬೇಕಾಯಿತು. ಕೇಳುಗನ ಕೈಯಲ್ಲಿ ಒಂದು ಗುಂಡಿ ಇದೆ ಅನ್ನೋದು ಮಂತ್ರಿಗಳಿಗೆ ಅರ್ಥ ಆಗೋಕೆ ಐದು ವರ್ಷ ಬೇಕಾಯಿತು.

ಇಲ್ಲಿ ಒಂದು ಸಾರಿ ಅಮೆರಿಕಕ್ಕೆ ಹೋಗಿ ಬರೋಣ, ಕಾರಣ ಇದೆ. ಅಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ 1925ರಲ್ಲಿ ಒಂದು ರೇಡಿಯೋ ಶುರುವಾಯಿತು, ಡಬ್ಲ್ಯೂಎಸ್‌ಎಂ ಅಂತ. ಶುರು ಮಾಡಿದ್ದು ಒಂದು ವಿಮಾ ಕಂಪನಿ. ಆ ವರ್ಷದ ನವೆಂಬರ್ 28ರ ರಾತ್ರಿ ಅಂಕಲ್ ಜಿಮ್ಮಿ ಥಾಂಪ್ಸನ್ ಅನ್ನೋ 77 ವರ್ಷದ ಮುದುಕನನ್ನು ಮೈಕಿನ ಮುಂದೆ ಕೂರಿಸಿದರು. ಅವರು ಪಿಟೀಲು ಬಾರಿಸಿದರು, ಒಂದು ಗಂಟೆ. ಜನ ಮುಗಿಬಿದ್ದರು. ಎರಡು ವರ್ಷದ ನಂತರ ಆ ಕಾರ್ಯಕ್ರಮಕ್ಕೆ 'ಗ್ರ್ಯಾಂಡ್ ಓಲ್ ಆಪ್ರಿ' ಅಂತ ಹೆಸರು ಬಂತು. ಅದು ಇವತ್ತಿಗೂ ನಡೀತಿದೆ. ಅಮೆರಿಕದ ಹಳ್ಳಿ ಹಾಡು, ಅವರು ಕಂಟ್ರಿ ಮ್ಯೂಸಿಕ್ ಅಂತಾರಲ್ಲ, ಅದು ದೊಡ್ಡ ಉದ್ಯಮ ಆಗಿದ್ದರ ಹಿಂದೆ ಇಂಥ ರೇಡಿಯೋಗಳಿವೆ. ವಿಮಾ ಕಂಪನಿಗೆ ಜಾನಪದದ ಮೇಲೆ ಪ್ರೀತಿ ಉಕ್ಕಿತ್ತಾ? ಇಲ್ಲ ಸ್ವಾಮಿ. ರೈತರ ಮನೆಗೆ ಪಾಲಿಸಿ ಮಾರಬೇಕಿತ್ತು. ಅದಕ್ಕೆ ರೈತ ಕೇಳೋ ಹಾಡು ಬೇಕಿತ್ತು. ಅವನನ್ನು ತಿದ್ದೋ ಉಸಾಬರಿ ಅವರಿಗೆ ಬೇಕಿರಲಿಲ್ಲ.

ನಮ್ಮ ಸರ್ಕಾರಕ್ಕೆ ರೈತನನ್ನು ತಿದ್ದಬೇಕಿತ್ತು. ಗೊಬ್ಬರ ಹೇಗೆ ಹಾಕಬೇಕು, ಬೀಜ ಯಾವುದು ಬಿತ್ತಬೇಕು. ತಪ್ಪು ಅನ್ನಲ್ಲ, ಅದರಿಂದ ಹೊಟ್ಟೆ ತುಂಬಿದೆ. ಆದರೆ ಜಾನಪದ ಹಾಡು ಗ್ರಾಮಸ್ಥರ ಕಾರ್ಯಕ್ರಮದ ಸಂದಿಯಲ್ಲಿ, ಗೊಬ್ಬರಕ್ಕೂ ಪೇಟೆಧಾರಣೆಗೂ ನಡುವೆ ಕೂರಬೇಕಾಯಿತು. ಅಂಕಲ್ ಜಿಮ್ಮಿಗೆ ಒಂದು ಗಂಟೆ ಸಿಕ್ಕಿದ್ದು ಮಾರಾಟದ ಕಾರಣಕ್ಕೆ, ನಮ್ಮವರಿಗೆ ಹದಿನೈದು ನಿಮಿಷ ಸಿಕ್ಕಿದ್ದು ಉದ್ಧಾರದ ಕಾರಣಕ್ಕೆ. ಎಷ್ಟೋ ವರ್ಷ ನಾನು ಇದನ್ನೇ ವೇದಿಕೆಗಳಲ್ಲಿ ಹೇಳಿಕೊಂಡು ಚಪ್ಪಾಳೆ ಹೊಡೆಸಿಕೊಂಡಿದ್ದೀನಿ. 'ರೇಡಿಯೋ ನಮ್ಮ ಹಾಡನ್ನು ಕತ್ತರಿಸಿತು!'

ಈಗ ಹಾಗೆ ಹೇಳೋದು ಬಿಟ್ಟಿದ್ದೀನಿ. ಯಾಕೆ ಅಂತ ಹೇಳ್ತೀನಿ.

ಕೆಲವು ವರ್ಷಗಳ ಹಿಂದೆ ಇಳಕಲ್ ಸೀರೆಯ ಮೇಲೆ ಸ್ಟೋರಿ ಮಾಡೋದಕ್ಕೆ ಕ್ಯಾಮೆರಾ ಹಿಡಿದು ನಮ್ಮೂರಿಗೇ ಹೋಗಿದ್ದೆ. ಟೋಪ ತೆನಿ ಸೆರಗು, ಕೊಂಡಿ ಹಾಕಿ ಒಡಲಿಗೆ ಸೆರಗು ಕೂಡಿಸೋದು, ಎಲ್ಲ ಶೂಟ್ ಆಯಿತು. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಕಂಡಿಕಿ ಸುತ್ತುತ್ತ ಕೂತಿದ್ದರು. ಮಾತಿಗೆ ಮಾತು ಬಂದು, 'ನಾನೂ ಒಮ್ಮೆ ರೇಡಿಯೋದಾಗ ಹಾಡಿ ಬಂದಾಕಿರಿ' ಅಂದರು. ಐದು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿದ್ದರಂತೆ. 'ಕೆಂಪು ಲೈಟ್ ಹತ್ತಿತಂದ್ರ ಕೆಮ್ಮಬ್ಯಾಡ್ರಿ ಅಂದ್ರು. ನಮ್ಮ ನೆಗೆಣ್ಣಿಗೆ ಅದನ್ನ ಕೇಳೇ ಕೆಮ್ಮು ಬಂತು!' ಅಂತ ನಕ್ಕರು. ಹಾಡಿದ್ದು ಸೋಬಾನ. 'ಹದಿನೈದು ನಿಮಿಷಕ್ಕ ಮುಗಸ್ಬೇಕಿತ್ತು. ಮದುಮಗಳಿನ್ನ ತವರಮನಿ ಹೊಸ್ತಿಲಾನೂ ದಾಟಿರಲಿಲ್ಲ. ಅಲ್ಲೇ ನಿಲ್ಲಿಸಿ ಬಂದ್ವಿ.' ಬೇಜಾರಾಯಿತಾ ಅಂತ ಕೇಳಿದೆ. 'ಏನ್ ಬ್ಯಾಸರರಿ? ಮರುವಾರ ಹಚ್ಚಿದ್ರು, ಓಣಿ ಮಂದೆಲ್ಲ ನಮ್ಮನಿ ಮುಂದ ಕುಂತು ಕೇಳಿದ್ರು. ನಮ್ಮ ಯಜಮಾನರು ಮಗ್ಗ ನಿಲ್ಲಿಸಿದ್ರು ನೋಡ್ರಿ, ಅವತ್ತೊಂದಿನ' ಅಂದರು.

ಮಗ್ಗ ನಿಲ್ಲಿಸೋದು ಅಂದರೆ ಏನು ಅಂತ ನೇಕಾರರ ಮನೆಯವರಿಗೆ ಗೊತ್ತು. ಆ ಹೊತ್ತಿನ ಕೂಲಿ ಹೋಯಿತು ಅಂತ ಅರ್ಥ.

ಆಮೇಲೆ ಅಜ್ಜಿ ಅವತ್ತು ಅರ್ಧಕ್ಕೆ ಬಿಟ್ಟ ಪದವನ್ನು ನನಗೆ ಪೂರ್ತಿ ಹಾಡಿ ತೋರಿಸಿದರು. ಮದುಮಗಳು ಹೊಸ್ತಿಲು ದಾಟಿದಳು, ಬಂಡಿ ಹತ್ತಿದಳು, ಹಳ್ಳ ದಾಟಿದಳು, ಅತ್ತೆ ಮನೆ ಸೇರಿದಳು. ಕ್ಯಾಮೆರಾ ಓಡ್ತಾನೇ ಇತ್ತು. ಇಪ್ಪತ್ತು ನಿಮಿಷದ ಮೇಲಾಯಿತು. ಕಂಡಿಕಿ ಸುತ್ತೋ ರಾಟಿಯ ಸದ್ದೇ ತಾಳ.

ಸ್ಟೋರಿಯಲ್ಲಿ ನಾನು ಬಳಸಿದ್ದು ನಲವತ್ತು ಸೆಕೆಂಡು. ಅದರ ಮೇಲೆ ನನ್ನದೇ ವಾಯ್ಸ್ ಓವರ್.

ಮರುವರ್ಷ ಅಜ್ಜಿ ತೀರಿಕೊಂಡರು. ಮೊಮ್ಮಗ ಫೋನ್ ಮಾಡಿದ. 'ಸರ್, ಅಜ್ಜಿ ಹಾಡಿದ್ದು ಪೂರಾ ಇತ್ತಲ್ರಿ, ಅದನ್ನ ಕೊಡ್ರಿ. ದಿವಸಕ್ಕ ಹಚ್ಚೂಣು.' ನಾನು ಆಫೀಸಿನಲ್ಲಿ ಕೇಳಿದೆ. ಸರ್ವರ್‌ನಲ್ಲಿ ಜಾಗ ಇಲ್ಲ ಅಂತ ಹಳೇ ರಾ ಫೂಟೇಜ್ ಎಲ್ಲ ಅಳಿಸಿದ್ದರು. ನಾನೂ ಅದನ್ನು ನನ್ನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿರಲಿಲ್ಲ. ಇಂಜಿನಿಯರಿಂಗ್ ಓದಿದವನು, ಬ್ಯಾಕಪ್ ಅನ್ನೋ ಪದದ ಅರ್ಥ ಗೊತ್ತಿದ್ದವನು!

ಹಳೇ ಕಾಲದಲ್ಲಿ ಟೇಪು ದುಬಾರಿ ಇತ್ತು, ಅಳಿಸಿ ಅಳಿಸಿ ಮತ್ತೆ ಬಳಸೋದು ಎಲ್ಲ ದೇಶಗಳ ಪ್ರಸಾರ ಸಂಸ್ಥೆಗಳ ರೂಢಿ. ಬಿಬಿಸಿಯಂಥ ಬಿಬಿಸಿ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಎಷ್ಟೋ ಸಂಚಿಕೆಗಳನ್ನು ಹೀಗೇ ಕಳೆದುಕೊಂಡಿದೆ, ಇವತ್ತಿಗೂ ಹುಡುಕ್ತಾನೇ ಇದೆ. ಅವರಿಗೆ ಟೇಪಿನ ಕಾರಣ ಇತ್ತು. ಇಪ್ಪತ್ತು ನಿಮಿಷದ ವಿಡಿಯೋ ಇವತ್ತು ಬೆರಳುಗುರು ಗಾತ್ರದ ಪೆನ್ ಡ್ರೈವಿನ ಒಂದು ಮೂಲೆಗೆ ಹಿಡಿಸುತ್ತೆ. ನನಗೆ ಯಾವ ಕಾರಣ ಇತ್ತು?

ಇನ್ನೊಂದು ಮಾತು ಹೇಳದೇ ಇದ್ದರೆ ಈ ಕಥೆ ಪೂರ್ತಿ ಆಗಲ್ಲ. ರೇಡಿಯೋ ಹಾಡನ್ನು ಕೊಂದಿತು ಅನ್ನೋರು ಕಣಕ್ಕೆ ಹೋಗಿ ನೋಡಬೇಕು. ರಾಶಿ ಮಷಿನ್ ಬಂದ ಮೇಲೆ ಎತ್ತು ಸುತ್ತೋದು ನಿಂತಿತು, ಹಂತಿ ಪದ ಯಾರಿಗೆ ಹಾಡಬೇಕು? ಹಿಟ್ಟಿನ ಗಿರಣಿ ಬಂದ ದಿನ ಬೀಸುಕಲ್ಲಿನ ಪದ ಅರ್ಧ ಸತ್ತಿತು. ಸಾಯಲಿ ಅಂತಲೂ ಅನ್ನಬಹುದು. ನಸುಕಿನ ನಾಲ್ಕಕ್ಕೆ ಎದ್ದು ಬೀಸಿದವರು ನಾವಲ್ಲ, ನಮ್ಮ ಅವ್ವಂದಿರು. ಆ ಪದಗಳು ಕೆಲಸದಿಂದ ಬೇರೆಯಾಗಿ ಉಸಿರಾಡಿದ್ದು ರೇಡಿಯೋದ ಆ ಹದಿನೈದು ನಿಮಿಷದಲ್ಲೇ. ಕಡೆಗೆ ರೇಡಿಯೋ ಕೇಳೋದನ್ನು ನಿಲ್ಲಿಸಿದ್ದೂ ಕೆಲಸವೇ. ಕೈಮಗ್ಗದ ಸದ್ದು ರೇಡಿಯೋಕ್ಕೆ ತಾಳ ಹಾಕಿದ ಹಾಗೆ ಇತ್ತು. ನಮ್ಮ ಓಣಿಗೆ ಪವರ್‌ಲೂಮ್ ಬಂತು. ಆ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳಲ್ಲ, ಇನ್ನು ಬಾಳಪ್ಪನ ದನಿ ಎಲ್ಲಿ ಕೇಳಬೇಕು? ಟಿವಿ ಬಂದು ರೇಡಿಯೋ ಹೋಯಿತು ಅಂತ ಎಲ್ಲರೂ ಬರೀತಾರೆ. ನಮ್ಮ ಓಣಿಯಲ್ಲಿ ಟಿವಿಗಿಂತ ಮೊದಲು ಮೋಟಾರು ಆ ಕೆಲಸ ಮಾಡಿತ್ತು.

ಹಾಗಾದರೆ ಸಣ್ಣ ಊರಿಗೆ ಅದರದ್ದೇ ರೇಡಿಯೋ ಅನ್ನೋದು? ಕನಸೇನಲ್ಲ. ಗಾಳಿಯ ಅಲೆ ಸರ್ಕಾರದ ಸೊತ್ತಲ್ಲ, ಸಾರ್ವಜನಿಕರ ಸೊತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಗಾಳಿಯಲ್ಲಿ ಬಿಡೋಕೆ ಪರವಾನಗಿ ಸಿಗದ ಕಾಲದಲ್ಲಿ, 2001ರ ಹೊತ್ತಿಗೆ, ಕೇಬಲ್ ತಂತಿಯ ಮೂಲಕವೇ 'ನಮ್ಮ ಧ್ವನಿ' ಅಂತ ತಮ್ಮ ರೇಡಿಯೋ ನಡೆಸಿದರು. ಸ್ವಂತ ಸ್ಟುಡಿಯೋ, ಸ್ವಂತ ಜನ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋದ ಬಾಗಿಲು ತೆರೆಯಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಂಥದ್ದೊಂದನ್ನು ಶುರು ಮಾಡಿತು. ಹತ್ತಾರು ಕಿಲೋಮೀಟರ್ ಕೇಳಿಸಿದರೂ ಸಾಕು, ಒಂದು ಇಳಕಲ್, ಒಂದು ಗುಡೂರು, ಒಂದು ಕಂದಗಲ್ ಅದರಲ್ಲಿ ಬಂದುಬಿಡುತ್ತೆ. ಜನರೂ ಸಿದ್ಧ ಇದ್ದಾರೆ. ಯೂಟ್ಯೂಬ್‌ನಲ್ಲಿ 'ಉತ್ತರ ಕರ್ನಾಟಕ ಜಾನಪದ' ಅಂತ ಹೊಡೆದು ನೋಡಿ, ಲಕ್ಷಗಟ್ಟಲೆ ಜನ ಕೇಳ್ತಿದ್ದಾರೆ. ಡಿಜೆ ಬೀಟ್ ಹಾಕ್ತಾರೆ, ಪ್ರೇಮಭಂಗದ ಹಾಡೇ ಜಾಸ್ತಿ, ಪಂಡಿತರು ಮೂಗು ಮುರೀತಾರೆ. ಪೇಟಿ ಕಂಡಾಗಲೂ ಪಂಡಿತರು ಮೂಗೇ ಮುರಿದಿದ್ದರು.

ಆ ಮೊಮ್ಮಗನಿಗೆ ನಾನು ಕಳಿಸಿದ್ದು ನಮ್ಮ ಸ್ಟೋರಿಯ ಲಿಂಕ್. ಅದರಲ್ಲಿ ಅಜ್ಜಿಯ ನಲವತ್ತು ಸೆಕೆಂಡು ಇದೆ, ಮೇಲೆ ನನ್ನ ದನಿಯೂ ಇದೆ. ಅವನು 'ಆತ್ರಿ ಸರ್' ಅಂದ. ಬೈದಿದ್ದರೆ ಚೆನ್ನಾಗಿತ್ತು.

ಎಂಬತ್ತು ತೊಂಬತ್ತರ ದಶಕದಲ್ಲಿ ಎಷ್ಟೋ ಮನೆಯವರು ಟೂ-ಇನ್-ಒನ್ ಇಟ್ಟುಕೊಂಡು ರೇಡಿಯೋ ಹಾಡನ್ನು ಕ್ಯಾಸೆಟ್ಟಿಗೆ ಹಿಡೀತಿದ್ದರು. ನಿಮ್ಮ ಟ್ರಂಕಿನಲ್ಲಿ ಅಂಥದ್ದು ಇದ್ದರೆ ಎಸೀಬೇಡಿ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಂಡರೆ ಹಾಗೇ ಹಚ್ಚಬೇಡಿ, ಹರಿದುಹೋಗುತ್ತೆ. ಮೊದಲು ತಿಳಿದವರ ಹತ್ತಿರ ಒರೆಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿ. ಇಳಕಲ್, ಹುನಗುಂದದ ಕಡೆಯವರು ಯಾರಾದರೂ ಐದು ಜನ ಹೆಂಗಸರು ಹಾಡಿದ, ಮದುಮಗಳು ತವರಿನ ಹೊಸ್ತಿಲಲ್ಲೇ ನಿಂತುಹೋದ ಸೋಬಾನದ ಕ್ಯಾಸೆಟ್ ಇಟ್ಟುಕೊಂಡಿದ್ದರೆ, ದಯವಿಟ್ಟು ನನಗೊಂದು ಮಾತು ತಿಳಿಸಿ. ಹದಿನೈದು ನಿಮಿಷದ್ದೇ ಇರಲಿ.